ರೊಟ್ಟಿ ಬಡಿಯುವ ಸಪ್ಪಳವನ್ನೂ ಕೇಳುವ ಮೈಕು

ಶಹಾಪುರದ ನಮ್ಮ ಓಣಿಯ ಹುಡುಗನೊಬ್ಬ ಹೋದ ದೀಪಾವಳಿಗೆ ಆನ್‌ಲೈನ್‌ನಲ್ಲಿ ಮೈಕು ತರಿಸಿದ. ಸಾವಿರದ ಚಿಲ್ಲರೆ ರೂಪಾಯಿಗೆ ಒಂದು ಉದ್ದನೆಯ ಮೈಕು, ಮಡಚುವ ಕೈ, ಬಾಯಿಗೆ ಅಡ್ಡ ಹಿಡಿಯುವ ಕರಿ ಜಾಲರಿ, ಸ್ಪಂಜಿನ ಟೋಪಿ. ಅವನ ಸೋದರಮಾವ ನಲವತ್ತು ವರ್ಷದಿಂದ ಭಜನಾ ಮೇಳದಲ್ಲಿ ತತ್ವಪದ ಹಾಡುವವರು. ಮಾವನ ಪದಗಳನ್ನು ಮನೆಯಲ್ಲೇ ರೆಕಾರ್ಡ್ ಮಾಡಿ ಯೂಟ್ಯೂಬಿಗೆ ಹಾಕಬೇಕೆಂಬುದು ಹುಡುಗನ ಆಸೆ. ಪಡಸಾಲೆಯಲ್ಲಿ ಜಮಖಾನೆ ಹಾಸಿ, ಏಕತಾರಿ ಶ್ರುತಿ ಮಾಡಿಸಿ, ಮೈಕಿನ ವೈರನ್ನು ಮೊಬೈಲಿಗೆ ಸಿಕ್ಕಿಸಿ ಒಂದು ಪದ ಹಾಡಿಸಿದ. ಆಮೇಲೆ ಇಯರ್‌ಫೋನ್ ಹಾಕಿಕೊಂಡು ಕೇಳಿದವನು ನೇರ ನಮ್ಮ ಮನೆಗೆ ಬಂದ.

"ಸರ, ಮಾವನ ದನಿ ಬಾವಿಯೊಳಗಿಂದ ಬಂದಂಗ ಬಂದದ. ಬಾಜೂ ಮನಿಯಾಗ ರೊಟ್ಟಿ ಬಡಿಯೋ ಸಪ್ಪಳ ಮಾತ್ರ ಭಾಳ ಚಂದ ಬಂದದ ನೋಡ್ರಿ."

ಹೋಗಿ ನೋಡಿದೆ. ಮೈಕು ಮಾವನ ಬಾಯಿಂದ ಎರಡು ಅಡಿ ದೂರ ಇತ್ತು. ಅದು ಪಕ್ಕದಿಂದ ದನಿ ಹಿಡಿಯುವ ಮೈಕು. ಮಾವ ಅದರ ನೆತ್ತಿಗೆ ಹಾಡಿದ್ದರು. ಅದಕ್ಕೆ ಬೇಕಾದ ವಿದ್ಯುತ್ತು 48 ವೋಲ್ಟ್. ಮೊಬೈಲಿನ ತೂತಿನಿಂದ ಅದಕ್ಕೆ ಸಿಗುತ್ತಿದ್ದದ್ದು ಎರಡು ಮೂರು ವೋಲ್ಟು. ಇನ್ನು ಪಡಸಾಲೆ: ಕೆಳಗೆ ಶಹಾಬಾದಿ ಫರಸಿ, ಸುತ್ತ ಕಲ್ಲಿನ ಗೋಡೆ, ಮೇಲೆ ತಿರುಗುವ ಫ್ಯಾನು. ಹುಡುಗ ತಪ್ಪೆಲ್ಲ ಮೈಕಿನದೆಂದು ತಿಳಿದು, ಇದಕ್ಕಿಂತ ಹತ್ತು ಪಟ್ಟು ಬೆಲೆಯ ಮೈಕು ಕೊಳ್ಳುವ ಲೆಕ್ಕ ಹಾಕುತ್ತಿದ್ದ. ಅದನ್ನು ತಂದಿದ್ದರೆ ರೊಟ್ಟಿಯ ಸಪ್ಪಳ ಇನ್ನೂ ಚಂದ ಬರುತ್ತಿತ್ತು, ಅಷ್ಟೆ.

ಈ ಅಂಕಣ ಅವನಂಥವರಿಗಾಗಿ. ನಮ್ಮ ಸೀಮೆಯಲ್ಲಿ ಅವರು ಕಡಿಮೆ ಇಲ್ಲ. ಕೃಷ್ಣೆಯ ದಂಡೆಯ ತಿಂಥಣಿ ಮೌನೇಶ್ವರನ ಪರಂಪರೆ, ಕೊಡೇಕಲ್ ಬಸವಣ್ಣನ ಕಾಲಜ್ಞಾನ, ಪಕ್ಕದ ಜಿಲ್ಲೆಯ ಕಡಕೋಳ ಮಡಿವಾಳಪ್ಪ ಮತ್ತು ಅವನ ಶಿಷ್ಯರಾದ ಚೆನ್ನೂರ ಜಲಾಲಸಾಹೇಬ, ಖೈನೂರ ಕೃಷ್ಣಪ್ಪರ ಪದಗಳು, ಮೊಹರಂ ಬಂತೆಂದರೆ ಹಲಗೆಯ ಹೊಡೆತಕ್ಕೆ ಹೆಜ್ಜೆ ಹಾಕುತ್ತ ಹಾಡುವ ರಿವಾಯತ್ ಪದಗಳು. ಶಹಾಪುರ, ಸುರಪುರ, ಯಾದಗಿರಿಯ ಹಳ್ಳಿಗಳಲ್ಲಿ ಇವನ್ನು ರಾತ್ರಿಯಿಡೀ ಹಾಡಬಲ್ಲವರು ಇನ್ನೂ ಇದ್ದಾರೆ. ಪದಗಳ ಸಾಹಿತ್ಯವೇನೋ ಅಚ್ಚಾಗಿದೆ; ಬೆಂಗಳೂರಿನ ರಾಷ್ಟ್ರೀಯ ಸಂತಕವಿ ಕನಕದಾಸ ಅಧ್ಯಯನ ಮತ್ತು ಸಂಶೋಧನಾ ಕೇಂದ್ರ ತತ್ವಪದಗಳ ಸಂಪುಟಗಳನ್ನೇ ಹೊರತಂದಿದೆ. ಆದರೆ ಧಾಟಿಗೆ ಅಚ್ಚಿನ ಮೊಳೆಯಿಲ್ಲ. ಯಾವ ನುಡಿಗೆ ಏರಬೇಕು, ಎಲ್ಲಿ ಏಕತಾರಿಯನ್ನು ಒಂಟಿಯಾಗಿ ಮಿಡಿಯಲು ಬಿಡಬೇಕು, ಪಲ್ಲವಿಗೆ ಹಿಮ್ಮೇಳ ಎಲ್ಲಿ ಕೂಡಬೇಕು ಎಂಬುದೆಲ್ಲ ಹಾಡುವವರ ಗಂಟಲಲ್ಲೇ ಇದೆ.

ಮೊದಲು ಇದನ್ನು ಹಿಡಿದಿಡುವುದು ಊರವರ ಕೈಯಲ್ಲಿರಲಿಲ್ಲ. 1966ರಲ್ಲಿ ಆಕಾಶವಾಣಿಯ ಕಲಬುರಗಿ ಕೇಂದ್ರ ಶುರುವಾದ ಮೇಲೆ, ದನಿ ಪರೀಕ್ಷೆಯಲ್ಲಿ ಪಾಸಾದವರು ಬಸ್ಸು ಹತ್ತಿ ಹೋಗಿ ಹಾಡಿ ಬರುತ್ತಿದ್ದರು. ಆಮೇಲೆ ಕ್ಯಾಸೆಟ್ಟಿನ ಕಾಲ ಬಂತು. ಅದೂ ಯಾರೋ ದುಡ್ಡು ಹಾಕಿದರೆ ಮಾತ್ರ. ಈಗ ಒಂದು ಮೈಕು, ಒಂದು ಸಣ್ಣ ಪೆಟ್ಟಿಗೆ, ಒಂದು ಕೋಣೆ ಇದ್ದರೆ ಮುಗಿಯಿತು. ಇದರಲ್ಲಿ ತೀರಾ ಹೊಸತೂ ಏನಿಲ್ಲ. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಃಶಾಸ್ತ್ರ ಕಲಿಸುತ್ತಿದ್ದ ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ಬಾನುಲಿ ಪ್ರಸಾರ ಶುರುಮಾಡಿದ್ದು ತಮ್ಮ ಮನೆಯಿಂದಲೇ. ಇಡೀ ದೇಶದ ರೇಡಿಯೊಗೆ ಆಮೇಲೆ ಅಂಟಿದ 'ಆಕಾಶವಾಣಿ' ಎಂಬ ಹೆಸರು ಆ ಮನೆಯ ಕೂಸು.

ಮೈಕಿನ ಮಾತಿಗೆ ಬರೋಣ. ಅಂಗಡಿಯಲ್ಲಿ ನೂರು ಹೆಸರು ಕೇಳಿದರೂ ನಮಗೆ ಮುಖ್ಯವಾದ ಜಾತಿಗಳು ಎರಡೇ. ಮೊದಲನೆಯದು ಡೈನಾಮಿಕ್. ತೆಳು ಪರದೆಗೆ ಅಂಟಿದ ತಂತಿಯ ಸುರುಳಿಯೊಂದು ಅಯಸ್ಕಾಂತದ ನಡುವೆ ಅಲುಗುತ್ತದೆ. ಅಲುಗಿದಂತೆ ಅದರಲ್ಲಿ ಚೂರು ವಿದ್ಯುತ್ತು ಹುಟ್ಟುತ್ತದೆ. ಹೊರಗಿನ ಪವರ್ ಬೇಡ, ಕೈಜಾರಿ ಬಿದ್ದರೂ ಸಾಮಾನ್ಯಕ್ಕೆ ಕೆಡುವುದಿಲ್ಲ. ಗಣಪತಿ ಪೆಂಡಾಲಿನಿಂದ ಪುರಾಣ ಪ್ರವಚನದವರೆಗೆ ನಾವೆಲ್ಲ ಕಂಡ ಅಹುಜಾ ಮೈಕುಗಳು ಬಹುಪಾಲು ಇದೇ ಜಾತಿ. ದಿಲ್ಲಿಯ ಆ ಕಂಪನಿ 1940ರಿಂದ ಇದೆ. ಜಗತ್ತಿನ ವೇದಿಕೆಗಳಲ್ಲೆಲ್ಲ ಕಾಣುವ ಶ್ಯೂರ್ ಎಸ್‌ಎಂ58 ಕೂಡ ಇದೇ ಜಾತಿಯದು. ಅದು ಹುಟ್ಟಿದ ವರ್ಷವೂ ಕಲಬುರಗಿ ಆಕಾಶವಾಣಿಯದೇ, 1966. ಅಂದಿನಿಂದ ಇಂದಿನವರೆಗೆ ಹೆಚ್ಚುಕಡಿಮೆ ಅದೇ ರೂಪದಲ್ಲಿ ಮಾರಾಟವಾಗುತ್ತಿದೆ.

ಎರಡನೆಯದು ಕಂಡೆನ್ಸರ್. ಎದುರುಬದುರು ನಿಂತ ಎರಡು ತೆಳು ತಗಡು, ನಡುವೆ ವಿದ್ಯುತ್ತಿನ ಒತ್ತಡ. ದನಿ ಬಡಿದಾಗ ಒಂದು ತಗಡು ಅಲುಗುತ್ತದೆ, ಅವುಗಳ ನಡುವಿನ ಸಂದು ಬದಲಾಗುತ್ತದೆ, ಆ ಬದಲಾವಣೆಯೇ ದನಿಯ ಗುರುತು. ಎಳೆಯಬೇಕಾದ ಸುರುಳಿಯ ಭಾರ ಇಲ್ಲದ್ದರಿಂದ ಪರದೆ ಬಲು ಚುರುಕು. ತಾಳದ ಕಿಣಿಕಿಣಿ, ಏಕತಾರಿಯ ತಂತಿಗೆ ಉಗುರು ತಾಕಿದ ಸದ್ದು, ಹಾಡುವವರು ಉಸಿರೆಳೆದದ್ದು ಎಲ್ಲವೂ ಬಿಡಿಬಿಡಿಯಾಗಿ ಬರುತ್ತವೆ. ಅದಕ್ಕೆ ಬೇಕಾದ 48 ವೋಲ್ಟನ್ನು ದನಿ ಬರುವ ಕೇಬಲ್ಲಿನಲ್ಲೇ ಕಳಿಸುತ್ತಾರೆ. ಬೇರೆ ವೈರು ಕಾಣಿಸದೆ ಬರುವ ಕರೆಂಟಾದ್ದರಿಂದ ಅದಕ್ಕೆ ಫ್ಯಾಂಟಮ್ ಪವರ್, ಅಂದರೆ ಭೂತದ ಕರೆಂಟು ಎಂದು ಹೆಸರು.

ಅಂಗಡಿಯವರು ಸಾಮಾನ್ಯವಾಗಿ ಹೇಳುವ ಮಾತೊಂದಿದೆ: "ಕಂಡೆನ್ಸರ್ ಕೋಣೆಯ ಗದ್ದಲ ಎಳೀತದ, ಡೈನಾಮಿಕ್ ಎಳೆಯಂಗಿಲ್ಲ." ಇದು ಅರ್ಧ ಸತ್ಯ. ಒಂದೇ ಗಾತ್ರದ ದನಿಗೆ ಎಸ್‌ಎಂ58 ಸುಮಾರು 1.85 ಮಿಲಿವೋಲ್ಟ್ ಕೊಟ್ಟರೆ, ಆಡಿಯೊ ಟೆಕ್ನಿಕಾದ ಎಟಿ2020 ಎಂಬ ಅಗ್ಗದ ಕಂಡೆನ್ಸರ್ 14 ಮಿಲಿವೋಲ್ಟಿನಷ್ಟು ಕೊಡುತ್ತದೆ, ಏಳು ಪಟ್ಟಿಗೂ ಹೆಚ್ಚು. ಆದರೆ ಆ ಏಳು ಪಟ್ಟು ಹಾಡಿಗೂ ಉಂಟು, ರೊಟ್ಟಿಯ ಸಪ್ಪಳಕ್ಕೂ ಉಂಟು. ಹಾಡು ಎಷ್ಟು, ಗದ್ದಲ ಎಷ್ಟು ಎಂಬ ಪಾಲನ್ನು ಮುಖ್ಯವಾಗಿ ನಿರ್ಧರಿಸುವುದು ದೂರ. ಬಾಯಿಗೂ ಮೈಕಿಗೂ ನಡುವಿನ ಅಂತರವನ್ನು ಅರ್ಧ ಮಾಡಿದರೆ ದನಿ 6 ಡೆಸಿಬೆಲ್ ಹೆಚ್ಚುತ್ತದೆ. 24 ಇಂಚಿನಿಂದ 12ಕ್ಕೆ, 12ರಿಂದ 6ಕ್ಕೆ, 6ರಿಂದ 3ಕ್ಕೆ ತಂದರೆ ಮೂರು ಸಲ ಅರ್ಧ ಮಾಡಿದ ಹಾಗಾಯಿತು; 18 ಡೆಸಿಬೆಲ್ ಲಾಭ. ಬಾಜೂ ಮನೆಯ ರೊಟ್ಟಿಕಲ್ಲು ಮಾತ್ರ ಇದ್ದಲ್ಲೇ ಇರುತ್ತದೆ. ಮೈಕನ್ನು ಎರಡು ಅಡಿಯಿಂದ ಮೂರು ಇಂಚಿಗೆ ಸರಿಸಿದ್ದಕ್ಕೆ ಖರ್ಚು ಎಷ್ಟು? ಸೊನ್ನೆ.

ಹಾಗಾದರೆ ಡೈನಾಮಿಕ್ ಒಳ್ಳೆಯದು ಎಂಬ ಮಾತು ಎಲ್ಲಿಂದ ಬಂತು? ಅದನ್ನು ಹತ್ತಿರ ಹಿಡಿದು ಹಾಡಲೆಂದೇ ಕಟ್ಟಿರುತ್ತಾರೆ. ತುಟಿಗೆ ತಾಗುವಷ್ಟು ಸಮೀಪ ಹಾಡಿದರೂ, ಮಾವನಂಥವರು ಏರುದನಿ ತೆಗೆದರೂ ಅದು ತಡೆದುಕೊಳ್ಳುತ್ತದೆ. ಕಂಡೆನ್ಸರನ್ನು ಅಷ್ಟು ಹತ್ತಿರ ತಂದರೆ ಪ, ಫ, ಬ, ಭ ಅಕ್ಷರಗಳ ಗಾಳಿ ಅದರ ಪರದೆಗೆ ಪಟಪಟನೆ ಹೊಡೆಯುತ್ತದೆ. ಕನ್ನಡದ ಪದಕಾರರು 'ಭವ', 'ಭಕ್ತಿ', 'ಫಲ', 'ಪರಬ್ರಹ್ಮ' ಇಲ್ಲದೆ ಪದ ಮುಗಿಸುವವರಲ್ಲ! ಆದ್ದರಿಂದ ಕಂಡೆನ್ಸರ್ ಆದರೆ ಗೇಣು ದೂರ, ನಡುವೆ ಜಾಲರಿ, ಮೈಕು ಬಾಯಿಯ ನೇರದಿಂದ ಚೂರು ಓರೆ. ಜಾಲರಿ ಕೊಳ್ಳಬೇಕೆಂದೇನಿಲ್ಲ, ಕಸೂತಿ ಹಾಕುವ ಬಳೆಚೌಕಟ್ಟಿಗೆ ತೆಳುವಾದ ನೈಲಾನ್ ಕಾಲುಚೀಲ ಬಿಗಿದರೂ ಅದೇ ಕೆಲಸ ಆಗುತ್ತದೆ. ಇನ್ನೊಂದು ಮಾತು: ಬಹಳ ಹತ್ತಿರ ಹಾಡಿದಾಗ ಇಂಥ ಮೈಕುಗಳು ದನಿಯ ಕೆಳಸ್ತರವನ್ನು ಉಬ್ಬಿಸುತ್ತವೆ. ತೆಳು ದನಿಗೆ ಇದು ವರ, ಮೊದಲೇ ಗಡಸಾದ ದನಿಗೆ ಭಾರ. ಕೇಳಿ ನೋಡಿ, ಎರಡು ಬೆರಳು ಹಿಂದೆ ಮುಂದೆ ಸರಿದು ನೋಡಿ.

ಈ ಮೈಕುಗಳಲ್ಲಿ ಹೆಚ್ಚಿನವು ಎದುರಿನ ದನಿಯನ್ನು ಪೂರ್ತಿ ಕೇಳಿ, ಪಕ್ಕದ್ದನ್ನು ಕಡಿಮೆ ಕೇಳಿ, ಬೆನ್ನಿನ ಕಡೆಯದನ್ನು ಬಹುತೇಕ ಬಿಟ್ಟುಬಿಡುತ್ತವೆ. ಚಿತ್ರ ಬಿಡಿಸಿದರೆ ಹೃದಯದ ಆಕಾರ ಬರುತ್ತದೆ. ಅದಕ್ಕೇ ಕಾರ್ಡಿಯಾಯ್ಡ್ ಎನ್ನುತ್ತಾರೆ. ಇದರಿಂದ ಎರಡು ಉಪಾಯ ಹೊಳೆಯುತ್ತವೆ. ಒಂದು, ಗದ್ದಲ ಬರುವ ದಿಕ್ಕಿಗೆ, ಅಂದರೆ ರಸ್ತೆಗೋ ಅಡುಗೆಮನೆಗೋ ಮೈಕಿನ ಬೆನ್ನು ಇರಲಿ. ಎರಡು, ಮೈಕಿನ ಮುಖ ಹಾಡುವವರ ಕಡೆಗಿರುತ್ತದೆ, ಆದ್ದರಿಂದ ಹಾಡುವವರ ಬೆನ್ನ ಹಿಂದಿನ ಗೋಡೆಯನ್ನೂ ಅದು ದಿಟ್ಟಿಸಿ ನೋಡುತ್ತಿರುತ್ತದೆ. ಮೆತ್ತಗೆ ಮಾಡಬೇಕಾದದ್ದು ಆ ಗೋಡೆಯನ್ನು. ಹೆಚ್ಚಿನವರು ಮೈಕಿನ ಹಿಂದೆ ಸ್ಪಂಜು ಅಂಟಿಸಿ, ತಮ್ಮ ಬೆನ್ನ ಹಿಂದೆ ಬೋಳು ಕಲ್ಲನ್ನು ಬಿಟ್ಟಿರುತ್ತಾರೆ.

ನಮ್ಮ ಕಡೆಯ ಮನೆಗಳು ಬಿಸಿಲಿಗೆ ಕಟ್ಟಿದವು, ಹಾಡಿಗಲ್ಲ. ಕಲ್ಲಿನ ಗೋಡೆ, ಫರಸಿ ನೆಲ, ಕಿಟಕಿ ಸಣ್ಣದು. ಚಪ್ಪಾಳೆ ತಟ್ಟಿದರೆ ಸದ್ದು ಒಂದು ಗೋಡೆಯಿಂದ ಇನ್ನೊಂದಕ್ಕೆ ಓಡಾಡುತ್ತದೆ. ಅದಕ್ಕೆ ಮದ್ದೂ ನಮ್ಮ ಮನೆಗಳಲ್ಲೇ ಇದೆ: ಕೌದಿ. ಹಳೆ ಸೀರೆ, ಧೋತರದ ಪದರ ಸೇರಿಸಿ ಅಜ್ಜಿಯರು ಹೊಲಿದ ಕೌದಿಯಷ್ಟು ದಪ್ಪ, ತೂಕದ ಬಟ್ಟೆಯನ್ನೇ ಪೇಟೆಯ ಸ್ಟುಡಿಯೊಗಳು 'ಅಕೌಸ್ಟಿಕ್ ಬ್ಲಾಂಕೆಟ್' ಎಂದು ಮಾರುವವರಿಂದ ಕೊಳ್ಳುತ್ತವೆ. ಎರಡು ಹಗ್ಗ ಕಟ್ಟಿ ಹಾಡುವವರ ಬೆನ್ನಿಗೊಂದು, ಎಡಬಲಕ್ಕೊಂದೊಂದು ಕೌದಿ ಇಳಿಬಿಡಿ. ಗೋಡೆಗೆ ಅಂಟಿಸಬೇಡಿ, ನಾಲ್ಕು ಬೆರಳಷ್ಟು ಸಂದು ಇದ್ದರೆ ಅದು ಇನ್ನೂ ಕೆಳಗಿನ ಸ್ವರಗಳನ್ನು ಕುಡಿಯುತ್ತದೆ. ನೆಲಕ್ಕೆ ಜಮಖಾನೆ. ಮನೆಯಲ್ಲಿ ಹತ್ತಿಯ ಅಂಡಿಗೆ ಬಿದ್ದಿದ್ದರೆ ಮೂಲೆಗೆ ಸರಿಸಿ. ಮಾರುವ ತನಕ ಅದೂ ದುಡಿಯಲಿ. ಮೊಟ್ಟೆಯ ಟ್ರೇ ಅಂಟಿಸುವ ವಿದ್ಯೆಯನ್ನು ಮಾತ್ರ ಬಿಟ್ಟುಬಿಡಿ. ತೆಳು ರಟ್ಟು ಹೆಚ್ಚೇನೂ ಹೀರುವುದಿಲ್ಲ, ಜಿರಳೆಗೆ ಮನೆಯಾಗುತ್ತದೆ.

ಕೌದಿಯಿಂದ ಒಳಗಿನ ಗುಂಯ್‌ಗುಡುವಿಕೆ ಇಳಿಯುತ್ತದೆಯೇ ಹೊರತು ಹೊರಗಿನ ಟ್ರ್ಯಾಕ್ಟರು ನಿಲ್ಲುವುದಿಲ್ಲ. ಅದಕ್ಕೆ ಗಡಿಯಾರವೇ ಗತಿ: ರಾತ್ರಿ ಹನ್ನೊಂದರ ಮೇಲೆ, ಇಲ್ಲವೇ ಬೆಳಗಿನ ನಾಲ್ಕಕ್ಕೆ. ಫ್ಯಾನು ಬಂದ್. ಏಪ್ರಿಲ್ ಮೇ ತಿಂಗಳಲ್ಲಿ ಇದು ಶಿಕ್ಷೆಯೇ ಸರಿ. ಒಂದು ಪದ ಹಾಡಿ, ಬಾಗಿಲು ತೆಗೆದು, ನೀರು ಕುಡಿದು, ಮತ್ತೊಂದು ಹಾಡುವುದೇ ದಾರಿ. ಕರೆಂಟು ಹೋದರೆ ಬೈಯಬೇಡಿ. ಫ್ರಿಜ್ಜು, ಮೋಟರು, ಫ್ಯಾನು ಎಲ್ಲ ಸುಮ್ಮನಾಗಿ, ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ ಓಡುವ ಆ ಅರ್ಧ ಗಂಟೆಯಲ್ಲಿ 50 ಹರ್ಟ್ಸಿನ 'ಹುಂ' ಎಂಬ ವಿದ್ಯುತ್ತಿನ ಗೊಣಗು ಕೂಡ ಇರುವುದಿಲ್ಲ. ಲೋಡ್ ಶೆಡ್ಡಿಂಗಿನಷ್ಟು ಒಳ್ಳೆಯ ಸ್ಟುಡಿಯೊ ಇನ್ನೊಂದಿಲ್ಲ.

ಈಗ ಆ ಸಣ್ಣ ಪೆಟ್ಟಿಗೆ, ಆಡಿಯೊ ಇಂಟರ್‌ಫೇಸ್. ಅದು ನಾಲ್ಕು ಕೆಲಸ ಮಾಡುತ್ತದೆ. ಮೈಕಿನ ಮಿಲಿವೋಲ್ಟನ್ನು ನೂರಾರು ಪಟ್ಟು ಹಿಗ್ಗಿಸುತ್ತದೆ. ಕಂಡೆನ್ಸರಿಗೆ 48 ವೋಲ್ಟ್ ಕೊಡುತ್ತದೆ. ದನಿಯ ಅಲೆಯನ್ನು ಅಂಕಿಗಳಾಗಿ ಮಾಡಿ ಕಂಪ್ಯೂಟರಿಗೋ ಮೊಬೈಲಿಗೋ ಕಳಿಸುತ್ತದೆ. ಹಾಡುವವರ ಹೆಡ್‌ಫೋನಿಗೆ ದನಿ ವಾಪಸು ಕೊಡುತ್ತದೆ. ಡಬ್ಬಿಯ ಮೇಲೆ '192 ಕಿಲೋಹರ್ಟ್ಸ್' ಎಂದು ದೊಡ್ಡದಾಗಿ ಬರೆದದ್ದಕ್ಕೆ ಮರುಳಾಗುವುದು ಬೇಡ. ಸಿಡಿ ತಟ್ಟೆಯ ದನಿ 44.1 ಕಿಲೋಹರ್ಟ್ಸ್, ವಿಡಿಯೊಗಳದ್ದು 48. ಮನುಷ್ಯನ ಕಿವಿಗೆ ಇಷ್ಟು ಸಾಕು. ಬದಲಿಗೆ '24 ಬಿಟ್' ಇದೆಯೇ ನೋಡಿ. 16 ಬಿಟ್ಟಿನಲ್ಲಿ ಅತಿ ಮೆತ್ತನೆಯ ಸದ್ದಿಗೂ ಅತಿ ಜೋರಿನದಕ್ಕೂ ನಡುವೆ 96 ಡೆಸಿಬೆಲ್ ಜಾಗ. 24ರಲ್ಲಿ ಲೆಕ್ಕದ ಪ್ರಕಾರ 144. ದನಿಯನ್ನು ಕೆಳಗಿನ ಮಟ್ಟದಲ್ಲೇ ತುಂಬಿಕೊಂಡು ಆಮೇಲೆ ಎತ್ತಿದರೂ ಕೆಡುವುದಿಲ್ಲ ಎಂಬ ಧೈರ್ಯ ಅದರಿಂದ ಸಿಗುತ್ತದೆ. ಆದರೆ 16 ಬಿಟ್ಟಿನ ಪೆಟ್ಟಿಗೆಯಿಂದ ಕೆಲಸ ಆಗುವುದಿಲ್ಲವೆಂದಲ್ಲ. ಮಟ್ಟವನ್ನು ಜೋಪಾನವಾಗಿ ಇಟ್ಟುಕೊಂಡರೆ ಅದೂ ಆದೀತು.

ಮುಖ್ಯವಾದ ಪ್ರಶ್ನೆ ಬೇರೆ: ಎಷ್ಟು ಮೈಕು ಒಟ್ಟಿಗೆ ಬೇಕು? ಮಾವ ಏಕತಾರಿ ಮಿಡಿಯುತ್ತ ಒಬ್ಬರೇ ಹಾಡುವುದಾದರೆ ಒಂದು ಸಾಕು. ಪಕ್ಕದಲ್ಲಿ ಹಾರ್ಮೋನಿಯಂ ಪೇಟಿ ಅಥವಾ ದಮ್ಮಡಿ ಇದ್ದರೆ ಎರಡು. ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ ಬೆಹ್ರಿಂಗರ್ ಯುಎಂ2, ಫೋಕಸ್‌ರೈಟ್ ಸ್ಕಾರ್ಲೆಟ್ ಸೋಲೊ ಥರದವುಗಳಲ್ಲಿ ಎರಡು ತೂತು ಕಾಣಿಸಿದರೂ ಮೈಕಿಗೆ ಇರುವುದು ಒಂದೇ. ಇನ್ನೊಂದು ಗಿಟಾರಿನಂಥ ವಾದ್ಯಕ್ಕೆ. ಎರಡು ಮೈಕು ಬೇಕಿದ್ದರೆ ಬೆಹ್ರಿಂಗರ್ ಯುಎಂಸಿ202ಎಚ್‌ಡಿ ಅಥವಾ ಸ್ಕಾರ್ಲೆಟ್ 2ಐ2 ಮಾದರಿಯದ್ದು ನೋಡಬೇಕು. ಕೊಂಡ ಮೇಲೆ ತಿಳಿದು ಪರಿತಪಿಸುವವರ ಪಟ್ಟಿಯಲ್ಲಿ ಮೊದಲನೆಯದು ಇದೇ.

ಎರಡನೆಯದು ತಡ. ದನಿ ಪೆಟ್ಟಿಗೆಯಿಂದ ಕಂಪ್ಯೂಟರಿಗೆ ಹೋಗಿ ಹೆಡ್‌ಫೋನಿಗೆ ಮರಳುವಷ್ಟರಲ್ಲಿ ಕೆಲವು ಮಿಲಿಸೆಕೆಂಡು ಕಳೆಯುತ್ತದೆ. ಗಾಳಿಯಲ್ಲಿ ಶಬ್ದ ಒಂದು ಮೀಟರ್ ಸಾಗಲು ಸುಮಾರು 3 ಮಿಲಿಸೆಕೆಂಡು ಬೇಕು. ಭಜನೆಗೆ ಕೂತಾಗ ಮೂರು ಮೀಟರ್ ಆಚೆ ಕೂತವನ ತಾಳ ನಿಮಗೆ 9 ಮಿಲಿಸೆಕೆಂಡು ತಡವಾಗಿಯೇ ಕೇಳುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. ಆದರೆ ತಡ 40, 50ಕ್ಕೆ ಹೋದರೆ ಹಾಡುವವರು ತಮ್ಮದೇ ದನಿಗೆ ಎಡವುತ್ತಾರೆ. 'ಡೈರೆಕ್ಟ್ ಮಾನಿಟರ್' ಎಂಬ ಗುಂಡಿ ಇರುವ ಪೆಟ್ಟಿಗೆಯಲ್ಲಿ ದನಿ ಕಂಪ್ಯೂಟರಿಗೆ ಸುತ್ತು ಹಾಕದೆ ನೇರ ಕಿವಿಗೆ ಬರುತ್ತದೆ. ಆ ಗುಂಡಿ ಇರಲಿ.

ಪಾಡ್‌ಕಾಸ್ಟಿನವರ ಮುಂದೆಲ್ಲ ಕಾಣುವ ದಪ್ಪನೆಯ ಕರಿ ಮೈಕು ಶ್ಯೂರ್ ಎಸ್‌ಎಂ7ಬಿ ನೋಡಿ ಆಸೆಪಡುವವರಿಗೆ ಒಂದು ಕಿವಿಮಾತು. ಅದರ ಉಸಿರು ಎಸ್‌ಎಂ58ಕ್ಕಿಂತಲೂ ಮೆತ್ತಗೆ. 60 ಡೆಸಿಬೆಲ್ಲಿನಷ್ಟು ಹಿಗ್ಗಿಸಬೇಕು. ಅಗ್ಗದ ಪೆಟ್ಟಿಗೆಗಳು ಅಲ್ಲಿಗೆ ಹೋಗುವಷ್ಟರಲ್ಲಿ 'ಶ್‌ಶ್' ಎನ್ನತೊಡಗುತ್ತವೆ. ಎತ್ತು ದೊಡ್ಡದು ತಂದು, ಸಣ್ಣ ಬಂಡಿಗೆ ಕಟ್ಟಿದ ಹಾಗೆ.

ದುಡ್ಡಿನ ಲೆಕ್ಕಕ್ಕೆ ಬರೋಣ. ಬೆಲೆಗಳು ಅಂಗಡಿಗೊಂದು, ಹಬ್ಬಕ್ಕೊಂದು. ಅಂದಾಜು ಮಾತ್ರ ಹೇಳುತ್ತೇನೆ.

ಕಿಸೆಯಲ್ಲಿ ಸಾವಿರದಿಂದ ಒಂದೂವರೆ ಸಾವಿರ ಇದ್ದರೆ, ಅಂಗಿಗೆ ಸಿಕ್ಕಿಸುವ ವೈರಿನ ಲಾವಲಿಯರ್ ಮೈಕು ಸಾಕು. ಬೋಯಾ ಕಂಪನಿಯ ಬಿವೈ-ಎಂ1 ಇದರಲ್ಲಿ ಹೆಸರಾದದ್ದು, ವೈರೇ ಆರು ಮೀಟರ್ ಇದೆ. ಅದನ್ನು ಎದೆಗೆ ಚುಚ್ಚದೆ ಒಂದು ಕೋಲಿಗೆ ಕಟ್ಟಿ ಗಲ್ಲದ ಎದುರು ಗೇಣು ದೂರ ನಿಲ್ಲಿಸಿ. ಇದು ಎಲ್ಲ ದಿಕ್ಕಿನಿಂದಲೂ ಕೇಳುವ ಜಾತಿ, ಆದ್ದರಿಂದ ಕೌದಿ ಕಡ್ಡಾಯ. ಫೋನಿನ ತೂತಿಗೆ ಹಾಕುವ ಪಿನ್ನಿನ ಮೇಲೆ ಮೂರು ಕರಿ ಗೆರೆ ಇರಬೇಕು. ಎರಡೇ ಇದ್ದರೆ ಅದು ಕ್ಯಾಮೆರಾದ ಪಿನ್ನು, ನಡುವೆ ಅಡಾಪ್ಟರ್ ಬೇಕು. ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ. ಪದದ ನಡುವೆ ಸಾಲ ಕೊಡುವ ಬ್ಯಾಂಕಿನವರು ಫೋನು ಮಾಡದಿರಲಿ.

ಹತ್ತು ಸಾವಿರದ ಒಳಗಿದ್ದರೆ, ನನ್ನ ಮತ ಇದಕ್ಕೇ: ಎರಡು ಮೂರು ಸಾವಿರದ ಡೈನಾಮಿಕ್ ಮೈಕು, ನಾಲ್ಕೈದು ಸಾವಿರದ ಒಂಟಿ ಮೈಕಿನ ಇಂಟರ್‌ಫೇಸ್, ಒಂದು ಸ್ಟ್ಯಾಂಡು, ಒಂದು ಕೇಬಲ್, ಕಿವಿ ಮುಚ್ಚುವ ಹೆಡ್‌ಫೋನು. ಮನೆಯಲ್ಲೋ ಗುಡಿಯಲ್ಲೋ ಅಹುಜಾ ಮೈಕು ಇದ್ದರೆ ಮೊದಲು ಅದರಿಂದಲೇ ಶುರುಮಾಡಿ. ಆದರೆ ಅದರ ಜೊತೆ ಬರುವ, ಆಂಪ್ಲಿಫೈಯರಿಗೆ ಚುಚ್ಚುವ ದಪ್ಪ ಒಂಟಿ ಪಿನ್ನಿನ ಕೇಬಲ್ ಬೇಡ. ಎರಡೂ ತುದಿಗೆ ಮೂರು ಕಡ್ಡಿಯ ಎಕ್ಸ್‌ಎಲ್‌ಆರ್ ಇರುವ ಕೇಬಲ್ ಬೇಕು. ಅದರಲ್ಲಿ ಒಂದೇ ದನಿ ಎರಡು ತಂತಿಗಳಲ್ಲಿ, ಒಂದಕ್ಕೊಂದು ತಲೆಕೆಳಗಾಗಿ ಸಾಗುತ್ತದೆ. ದಾರಿಯಲ್ಲಿ ಎರಡಕ್ಕೂ ಸಮನಾಗಿ ಸೇರಿದ ಕೊಳೆ ಕೊನೆಯಲ್ಲಿ ತನ್ನಿಂದ ತಾನೇ ಕಳೆದುಹೋಗುತ್ತದೆ. ಕಂಪ್ಯೂಟರ್ ಇಲ್ಲದವರಿಗೆ ಸ್ಯಾಮ್ಸನ್ ಕ್ಯು2ಯು ಥರದ, ಯುಎಸ್‌ಬಿ ಮತ್ತು ಎಕ್ಸ್‌ಎಲ್‌ಆರ್ ಎರಡೂ ಇರುವ ಡೈನಾಮಿಕ್ ಮೈಕು ಅನುಕೂಲ: ಈಗ ನೇರ ಫೋನಿಗೆ, ಮುಂದೆ ಇಂಟರ್‌ಫೇಸಿಗೆ. ಬರೀ ಯುಎಸ್‌ಬಿ ಇರುವ ಮೈಕು ಒಂಟಿ ಎತ್ತು. ಎರಡನ್ನು ಒಂದೇ ಫೋನಿಗೆ ಹೂಡಲು ಹೋದರೆ ತಲೆನೋವು.

ಇಪ್ಪತ್ತು ಇಪ್ಪತ್ತೈದು ಸಾವಿರ ಹಾಕಬಲ್ಲ ಮೇಳವಾದರೆ ಎರಡು ಮೈಕಿನ ಇಂಟರ್‌ಫೇಸ್, ದನಿಗೆ ಡೈನಾಮಿಕ್, ಪೇಟಿ ಮತ್ತು ತಾಳಕ್ಕೆ ಎಟಿ2020 ಥರದ ಕಂಡೆನ್ಸರ್. ಊರೂರು ತಿರುಗಿ ಭಜನೆ, ಮೊಹರಂ ಪದ ಹಿಡಿಯುವವರಿಗೆ ಇದ್ಯಾವುದೂ ಬೇಡ. ಝೂಮ್ ಎಚ್1 ಸಾಲಿನ ಕೈಗಾತ್ರದ ರೆಕಾರ್ಡರ್ ಸಾಕು, ಮೈಕು, ಪೆಟ್ಟಿಗೆ, ಬ್ಯಾಟರಿ ಎಲ್ಲ ಅದರೊಳಗೇ ಇದೆ. ಹೆಸರಾದ ಮೈಕು ನಂಬಲಾಗದಷ್ಟು ಅಗ್ಗಕ್ಕೆ ಸಿಕ್ಕರೆ ನಂಬಬೇಡಿ. ಎಸ್‌ಎಂ58ರ ನಕಲಿಗಳು ಅಸಲಿಯ ಡಬ್ಬಿಯೊಳಗೇ ಕೂತು ಬರುತ್ತವೆ.

ಸಾಮಾನು ಬಂದ ಮೇಲೆ ಮಟ್ಟ ಹಿಡಿಯುವುದು ಒಂದು ಕಸುಬು. ಹಾಡುವವರಿಗೆ "ಹಲೋ ಹಲೋ" ಅನ್ನಿಸಿ ಮಟ್ಟ ಇಡಬೇಡಿ. ಪದದ ಅತಿ ಏರಿನ ನುಡಿ ಯಾವುದೋ ಅದನ್ನೇ ಹಾಡಿಸಿ, ಮೀಟರಿನ ಮುಳ್ಳು ಮೈನಸ್ 12ರ ಆಸುಪಾಸು ನಿಲ್ಲುವಂತೆ ನೋಡಿ. ಸೊನ್ನೆ ದಾಟಿದರೆ ದನಿ ಕತ್ತರಿಸಿಹೋಗುತ್ತದೆ, ಮತ್ತೆ ಹೊಲಿಯಲಾಗದು. ಹಲಗೆ ಇದ್ದರಂತೂ ಮೈಕನ್ನು ನಾಲ್ಕು ಮಾರು ದೂರ ಇಡಿ. ತಂತ್ರಾಂಶಕ್ಕೆ ದುಡ್ಡು ಬೇಡ. ಆಡಾಸಿಟಿ ಪುಕ್ಕಟೆ ಸಿಗುತ್ತದೆ. ಫೈಲನ್ನು ಎಂಪಿ3 ಮಾಡಿ ಹಿಂಡದೆ ವೇವ್ ರೂಪದಲ್ಲೇ ಇಡಿ. 24 ಬಿಟ್, 48 ಕಿಲೋಹರ್ಟ್ಸಿನ ಒಂಟಿ ಮೈಕಿನ ದನಿ ಗಂಟೆಗೆ ಸುಮಾರು 520 ಎಂಬಿ. ಒಂದು ಪ್ರತಿ ಲ್ಯಾಪ್‌ಟಾಪಿನಲ್ಲಿ, ಇನ್ನೊಂದು ಬೇರೆ ಮನೆಯಲ್ಲಿ.

ಇನ್ನೊಂದು ಕೆಲಸ ಮರೆಯಬೇಡಿ. ತತ್ವಪದದ ಕೊನೆಯ ನುಡಿಯಲ್ಲಿ ಅಂಕಿತ ಬರುತ್ತದೆ. ಬರೆದವರು ಯಾರೆಂದು ಅದರಿಂದ ಗೊತ್ತಾಗುತ್ತದೆ. ಹಾಡಿದವರಿಗೆ ಅಂಕಿತವೇ ಇಲ್ಲ. 1902ರಲ್ಲಿ ಕಲ್ಕತ್ತೆಯಲ್ಲಿ ಗ್ರಾಮಫೋನಿಗೆ ಹಾಡಿದ ಗೌಹರ್ ಜಾನ್ ಹಾಡು ಮುಗಿದ ಕೂಡಲೇ ತನ್ನ ಹೆಸರನ್ನು ಇಂಗ್ಲಿಷಿನಲ್ಲಿ ಕೂಗಿ ಹೇಳುತ್ತಿದ್ದಳು. ತಟ್ಟೆ ಒತ್ತುವ ಜರ್ಮನಿಯ ಹ್ಯಾನೋವರಿನ ಕಾರ್ಖಾನೆಯವರಿಗೆ ಇದು ಯಾರ ಹಾಡೆಂದು ತಿಳಿಯಲಿ ಎಂಬುದು ಅದರ ಉದ್ದೇಶ. ನಾವೂ ಹಾಗೇ ಮಾಡಬಹುದು. ಪದ ಮುಗಿದ ಮೇಲೆ ಹಾಡಿದವರೇ ತಮ್ಮ ಹೆಸರು, ಊರು, ಯಾರಿಂದ ಕಲಿತರು, ತಾರೀಖು ಇಷ್ಟನ್ನು ಮೈಕಿನಲ್ಲೇ ಹೇಳಲಿ. ಫೈಲಿನ ಹೆಸರು ಬದಲಾದೀತು, ಚಾನೆಲ್ ಮುಚ್ಚೀತು; ದನಿಯೊಳಗಿನ ಹೆಸರು ಅಳಿಯದು.

ಓಣಿಯ ಹುಡುಗ ಕೊನೆಗೆ ಕೊಂಡದ್ದು ಒಂದು ಸಣ್ಣ ಇಂಟರ್‌ಫೇಸ್ ಮಾತ್ರ. ಮೈಕು ಗುಡಿಯದು, ಹಳೆಯ ಡೈನಾಮಿಕ್. ಕೌದಿ ಮನೆಯದು. ಬೆಳಗಿನ ನಾಲ್ಕೂವರೆಗೆ ಮಾವ ಮೂರು ಇಂಚಿನಲ್ಲಿ ಹಾಡಿದರು. ಈ ಸಲ ಬಾವಿಯೊಳಗಿಂದ ಹತ್ತಿ ಬಂದು ಎದುರಿಗೇ ಕೂತಂತಿತ್ತು ದನಿ.

ಆ ಸಾವಿರ ರೂಪಾಯಿಯ ಮೈಕು ಅಟ್ಟ ಸೇರಿತೆಂದುಕೊಂಡಿದ್ದೆ. ಮೊನ್ನೆ ನೋಡಿದರೆ ಅದು ಅಡುಗೆಮನೆಯ ಮೂಲೆಯಲ್ಲಿ ಸ್ಟ್ಯಾಂಡಿನ ಮೇಲಿತ್ತು. ಹುಡುಗ ತನ್ನ ಅಜ್ಜಿಯಿಂದ ಬೀಸುವ ಪದ ಹಾಡಿಸುವವನಿದ್ದ. ಮೊದಲು ಸುಮ್ಮನೆ ಕೂರಿಸಿ ಹಾಡಿಸಿ ನೋಡಿದನಂತೆ. ಎರಡು ಸಾಲಿಗೆ ಪದ ನಿಂತುಹೋಯಿತು. "ಕಲ್ಲು ತಿರುಗದ ಪದ ಹ್ಯಾಂಗ ಬರ್ತದೋ?" ಎಂದರಂತೆ ಅಜ್ಜಿ. ಮೂಲೆ ಸೇರಿದ್ದ ಬೀಸುಕಲ್ಲನ್ನು ತೊಳೆದು ತಂದಿಟ್ಟರು, ಒಂದು ಬೊಗಸೆ ಜೋಳ ಹಾಕಿದರು. ಇಲ್ಲಿ ಮೂರು ಇಂಚಿನ ಲೆಕ್ಕ ನಡೆಯುವುದಿಲ್ಲ. ಕಲ್ಲಿನ ಗುರುಗುಟ್ಟು, ಬಳೆಯ ಸದ್ದು, ಬಾಗಿ ಏಳುವ ಉಸಿರು ಎಲ್ಲವೂ ಪದದ ಪಾಲೇ. ಹುಡುಗ ಮೈಕಿನ ಸರಿಯಾದ ಮಗ್ಗುಲನ್ನು ಅಜ್ಜಿಯ ಕಡೆಗೆ ತಿರುಗಿಸಿ ಮೂರು ಅಡಿ ದೂರ ಇಟ್ಟ, 48 ವೋಲ್ಟಿನ ಗುಂಡಿ ಒತ್ತಿದ.

ರೆಕಾರ್ಡಿಂಗ್ ಕೇಳಿದೆ. ನಾಲ್ಕನೆಯ ನುಡಿಯ ಹೊತ್ತಿಗೆ ಬಾಜೂ ಮನೆಯಲ್ಲಿ ರೊಟ್ಟಿ ಬಡಿಯಲು ಶುರುಮಾಡಿದ್ದಾರೆ. ಅಳಿಸಲಾ ಎಂದು ಹುಡುಗ ಕೇಳಿದ. ಇರಲಿ ಬಿಡು ಎಂದೆ.